ಅಲೆಗೆ ಒಡೆಯರಿಲ್ಲ

ದೂರದೇಶಕ್ಕೆ ಹೋಗಿ ಬಂದವರನ್ನು ‘ಅಲ್ಲಿ ಏನೇನು ನೋಡಿದಿರಿ?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಅರಮನೆ, ದೇವಾಲಯ, ಕೋಟೆ, ವಸ್ತುಸಂಗ್ರಹಾಲಯಗಳ ಹೆಸರು ಹೇಳಿದರೆ ಕೇಳಿದವರಿಗೆ ತೃಪ್ತಿ, ಹೇಳಿದವರಿಗೆ ಸಮಾಧಾನ. ನಾನು 2023ರ ಫೆಬ್ರವರಿ ತಿಂಗಳಲ್ಲಿ ಹತ್ತು ದಿನಗಳನ್ನು ಕಳೆದ ರಿಂಕೋನ್ ಎಂಬ ಪುಟ್ಟ ಊರಿನಲ್ಲಿ ಹೇಳಿಕೊಳ್ಳುವಂಥ ಅರಮನೆಯೂ ಇಲ್ಲ, ಕೋಟೆಯೂ ಇಲ್ಲ. ಜನ ಅಲ್ಲಿಗೆ ಬರುವುದು ಕಡಲಿನ ಅಲೆಗಳಿಗಾಗಿ. ಹಲಗೆಯೊಂದರ ಮೇಲೆ ನಿಂತು ಅಲೆಯೊಡನೆ ದಡದತ್ತ ಜಾರಿ ಬರುವ ಸರ್ಫಿಂಗ್ ಎಂಬ ಕ್ರೀಡೆಗೆ ಆ ಊರು ಲೋಕಪ್ರಸಿದ್ಧ. ಅಲೆ ಎಂಬುದಾದರೋ ಯಾರ ಕೈಗೂ ಸಿಗದ, ಯಾರ ಕಣಜದಲ್ಲಿಯೂ ಕೂಡಿಡಲಾಗದ ವಸ್ತು. ಅಂಥದನ್ನೇ ಸಂಪತ್ತಾಗಿ ಪಡೆದ ಊರಿನಲ್ಲಿ ‘ನನ್ನದು’ ಎಂಬ ಮಾತಿಗೆ ಅರ್ಥವೇನು? ಈ ಪ್ರಶ್ನೆ ಅಲ್ಲಿ ನನಗೆ ಶಾಸ್ತ್ರಚರ್ಚೆಯ ರೂಪದಲ್ಲಿ ಬರಲಿಲ್ಲ. ಮನೆಯ ವ್ಯವಹಾರವಾಗಿಯೇ ಎದುರಾಯಿತು. ಆದ್ದರಿಂದ ಅದನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಪೋರ್ಟೊ ರಿಕೊ ಕೆರಿಬಿಯನ್ ಸಮುದ್ರದ ಒಂದು ದ್ವೀಪ. 1898ರವರೆಗೆ ಸ್ಪೇನಿನ ಅಧೀನದಲ್ಲಿದ್ದು, ಆ ಬಳಿಕ ಅಮೆರಿಕ ಸಂಯುಕ್ತ ಸಂಸ್ಥಾನದ ಆಡಳಿತಕ್ಕೆ ಸೇರಿತು. ಜನರ ಮನೆಮಾತು ಸ್ಪ್ಯಾನಿಷ್. ದ್ವೀಪದ ಪಶ್ಚಿಮ ದಂಡೆಯ ಮಾಯಾಗ್ವೆಸ್ ನಗರದ ವಿಶ್ವವಿದ್ಯಾಲಯದಲ್ಲಿ ನನ್ನ ತಂಗಿಯ ಮಗ ಅಧ್ಯಾಪಕನಾಗಿದ್ದಾನೆ. ಅವನ ಮನೆಯಿಂದ ರಿಂಕೋನಿಗೆ ಕಾರಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ಹಾದಿ. ಬೆಟ್ಟದ ಸಾಲು ಕಡಲಿಗೆ ಇಳಿಯುವ ಮೂಲೆಯಲ್ಲಿ, ಉತ್ತರದ ಅಟ್ಲಾಂಟಿಕ್ ಸಾಗರವೂ ದಕ್ಷಿಣದ ಕೆರಿಬಿಯನ್ ಸಮುದ್ರವೂ ಕೂಡುವ ಕಡೆ ಈ ಊರಿದೆ. ಜನಸಂಖ್ಯೆ ಹದಿನೈದು ಸಾವಿರದಷ್ಟು. ನಡುವೆ ಒಂದು ಚೌಕ, ಚೌಕದ ಬದಿಗೆ ಇಗರ್ಜಿ, ಸುತ್ತ ಮಾವು, ತೆಂಗು, ಬಾಳೆ, ಬಾದಾಮಿ ಮರಗಳು. ನಮ್ಮ ಕರಾವಳಿಯವರಿಗೆ ಪರಕೀಯವೆನಿಸುವಂಥದು ಅಲ್ಲಿ ಬಹಳವಿಲ್ಲ. ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ದೆಸೆಚೆಯೊ ಎಂಬ ನಿರ್ಜನ ದ್ವೀಪ ನೀಲಿಯಾಗಿ ತೋರುತ್ತದೆ.

ಸ್ಪ್ಯಾನಿಷ್ ಭಾಷೆಯಲ್ಲಿ ‘ರಿಂಕೋನ್’ ಎಂದರೆ ಮೂಲೆ. ಮೂಲೆಯಲ್ಲಿರುವುದರಿಂದಲೇ ಈ ಹೆಸರು ಬಂದಿರಬೇಕೆಂದು ಬಂದವರೆಲ್ಲ ತಿಳಿಯುತ್ತಾರೆ. ಊರಿನ ಚರಿತ್ರೆ ಹೇಳುವುದು ಬೇರೆ. ಹದಿನಾರನೆಯ ಶತಮಾನದಲ್ಲಿ ಗೊನ್ಸಾಲೊ ರಿಂಕೋನ್ ಎಂಬ ಜಮೀನುದಾರನಿದ್ದನಂತೆ. ಅವನು ತನ್ನ ಭೂಮಿಯಲ್ಲಿ ಕೆಲವು ಬಡ ಕುಟುಂಬಗಳಿಗೆ ನೆಲೆಸಲು ಅವಕಾಶ ಕೊಟ್ಟನಂತೆ. ಮುಂದೆ 1771ರಲ್ಲಿ ಊರು ವಿಧಿವತ್ತಾಗಿ ಸ್ಥಾಪನೆಯಾದಾಗ ಅವನ ಹೆಸರೇ ಉಳಿಯಿತು. ಭೂಮಿಯನ್ನು ಗಳಿಸಿದವರು ಚರಿತ್ರೆಯಲ್ಲಿ ಅಸಂಖ್ಯಾತರು. ಬಡವರಿಗೆ ಇರಲು ಎಡೆಕೊಟ್ಟ ಕಾರಣಕ್ಕೆ ಊರಿಗೇ ಹೆಸರಾದವರು ವಿರಳ. ಮುಂದೆ ನಾನು ಹೇಳಲಿರುವ ಸಂಗತಿಗೆ ಈ ಹಳೆಯ ಕತೆಯ ಸಂಬಂಧವಿದೆ.

ಈಗ ಅಲೆಗಳ ವಿಷಯ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ ದೊಡ್ಡ ಬಿರುಗಾಳಿಗಳೇಳುತ್ತವೆ. ಅಲ್ಲಿ ಹುಟ್ಟಿದ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ದಕ್ಷಿಣಕ್ಕೆ ಬರುತ್ತವೆ. ಪೋರ್ಟೊ ರಿಕೊದ ಉತ್ತರಕ್ಕೆ ಎಂಟು ಸಾವಿರ ಮೀಟರಿಗೂ ಮಿಕ್ಕ ಆಳದ ಕಂದಕವಿದೆ. ತೀರದ ಬಳಿ ಆಳವಿಲ್ಲದ ನೀರಿನ ಪಟ್ಟಿ ಬಹಳ ಕಿರಿದು. ಹೀಗಾಗಿ ಅಲೆಗಳು ಬಲವನ್ನು ಕಳೆದುಕೊಳ್ಳದೆ ದಡದ ಸಮೀಪಕ್ಕೆ ಬಂದು, ಹವಳದ ಬಂಡೆಗಳ ಮೇಲೆ ಒಮ್ಮೆಗೇ ತಲೆಯೆತ್ತಿ ಒಡೆಯುತ್ತವೆ. 1968ರ ನವೆಂಬರಿನಲ್ಲಿ ಜಾಗತಿಕ ಸರ್ಫಿಂಗ್ ಸ್ಪರ್ಧೆ ಇಲ್ಲಿ ನಡೆಯಿತು. ಪುರುಷರಲ್ಲಿ ಹವಾಯಿಯ ಫ್ರೆಡ್ ಹೆಮಿಂಗ್ಸ್, ಮಹಿಳೆಯರಲ್ಲಿ ಹದಿನೈದು ವರ್ಷದ ಬಾಲೆ ಮಾರ್ಗೊ ಗಾಡ್‌ಫ್ರೇ ವಿಜಯಿಗಳಾದರು. ಅಂದಿನಿಂದ ಈ ಮೂಲೆಯ ಹೆಸರು ಲೋಕಕ್ಕೆ ತಿಳಿಯಿತು.

ಒಂದು ಬೆಳಗ್ಗೆ ನಾನೂ ಅಳಿಯನೂ ದೀಪಸ್ತಂಭದ ಬಳಿಯ ದಿಬ್ಬದ ಮೇಲೆ ಕುಳಿತು ಎರಡು ತಾಸು ಈ ಆಟವನ್ನು ನೋಡಿದೆವು. ಹತ್ತಿಪ್ಪತ್ತು ಮಂದಿ ಹಲಗೆಗಳ ಮೇಲೆ ಕುಳಿತು ಅಲೆ ಒಡೆಯುವ ಜಾಗದಾಚೆ ಕಾಯುತ್ತಿದ್ದರು. ಸದ್ದಿಲ್ಲ, ತಳ್ಳಾಟವಿಲ್ಲ. ಒಂದು ಅಲೆ ಎದ್ದಿತೆಂದರೆ ಒಬ್ಬನು ಮಾತ್ರ ಕೈಬೀಸಿ ಈಜಿ ಅದನ್ನು ಹಿಡಿಯುವನು. ಉಳಿದವರು ಸುಮ್ಮನೆ ನಿಲ್ಲುವರು.

‘ಇವರಲ್ಲಿ ಸರದಿಯನ್ನು ಗೊತ್ತುಮಾಡುವವರು ಯಾರು?’ ಎಂದು ಕೇಳಿದೆ.

‘ಯಾರೂ ಇಲ್ಲ ಮಾವ’ ಎಂದ ಅಳಿಯ. ‘ಅಲೆ ಮೊದಲು ಒಡೆಯುವ ಜಾಗಕ್ಕೆ ಯಾರು ಅತಿ ಸಮೀಪದಲ್ಲಿದ್ದಾರೋ ಆ ಅಲೆ ಅವರಿಗೆ. ಇನ್ನೊಬ್ಬರು ಅದರಲ್ಲಿ ಅಡ್ಡ ಬರಬಾರದು. ಸವಾರಿ ಮುಗಿಸಿದವರು ಇತರರ ದಾರಿಗೆ ಸಿಗದಂತೆ ಬಳಸಿಕೊಂಡು ಹಿಂದೆ ಬಂದು ಮತ್ತೆ ಕಾಯಬೇಕು. ಬರೆದಿಟ್ಟ ಕಾನೂನಲ್ಲ ಇದು. ಆದರೆ ತಪ್ಪಿದವರನ್ನು ಯಾರೂ ಕ್ಷಮಿಸುವುದಿಲ್ಲ.’

ಈ ಆಟಗಾರರೆಲ್ಲ ಸಂಯಮಿಗಳೆಂದು ನಾನು ಹೇಳುತ್ತಿಲ್ಲ. ಅಲೆಗಾಗಿ ಜಗಳಗಳೂ ನಡೆಯುತ್ತವೆ, ಪರಊರಿನವರನ್ನು ದೂರವಿಡುವ ಸಣ್ಣತನವೂ ಉಂಟೆಂದು ಅಳಿಯನೇ ಹೇಳಿದ. ಸಂಜೆಯ ಹೊತ್ತು ಮದ್ಯದಂಗಡಿಗಳಲ್ಲಿ ಸೇರುವವರೂ ಇವರೇ. ಆದರೂ ಆ ಎರಡು ತಾಸಿನಲ್ಲಿ ಕಂಡದ್ದು ನನ್ನ ಮನಸ್ಸಿನಲ್ಲಿ ನಿಂತಿತು. ಪ್ರತಿಯೊಬ್ಬನೂ ಅಲೆಯನ್ನು ಬಯಸಿ ಬಂದವನೇ. ಬಯಕೆ ಅಲ್ಲಿ ಸಂಗ್ರಹವಾಗಿ ಬೆಳೆಯಲು ಮಾತ್ರ ಅವಕಾಶವಿಲ್ಲ. ಹಿಡಿದ ಅಲೆಯನ್ನು ನಾಳೆಗಾಗಿ ಇಡುವಂತಿಲ್ಲ, ಮಗನಿಗೆ ಬರೆದುಕೊಡುವಂತಿಲ್ಲ. ಕೆಲವೇ ಕ್ಷಣಗಳಲ್ಲಿ ಅದು ಮರಳಿನ ಮೇಲೆ ನೊರೆಯಾಗಿ ಮುಗಿಯುತ್ತದೆ. ಮುಂದಿನ ಅಲೆ ಮತ್ತೊಬ್ಬನದು. ಎಲ್ಲರೂ ಒಂದೇ ಮಿತಿಯನ್ನು ಪಾಲಿಸುವುದರಿಂದ ಎಲ್ಲರಿಗೂ ಸಿಗುತ್ತದೆ.

ಊಟದ ವಿಷಯದಲ್ಲಿ ನಮ್ಮವರು ಕೇಳುವುದುಂಟು. ಆದ್ದರಿಂದ ಎರಡು ಮಾತು. ಅಲ್ಲಿನ ನಿತ್ಯಾಹಾರ ಅನ್ನ ಮತ್ತು ಬೇಯಿಸಿದ ಕಾಳು. ಹೆಸರು ಕೇಳಿ ಹಿಗ್ಗಬಾರದು. ಆ ಕಾಳಿಗೆ ಹಂದಿಮಾಂಸದ ತುಂಡು ಹಾಕುವ ರೂಢಿಯಿದೆ. ಅಳಿಯನ ಹೆಂಡತಿ ಮನೆಯಲ್ಲಿಯೇ ಅಡಿಗೆ ಮಾಡಿ ಬುತ್ತಿ ಕಟ್ಟುತ್ತಿದ್ದಳು. ‘ಸುಂದರ ಸೂರ್ಯಾಸ್ತಗಳ ಊರು’ ಎಂಬುದು ರಿಂಕೋನಿನ ಬಿರುದು. ಎಲ್ಲರೂ ಸೂರ್ಯ ಮುಳುಗಿದ ಬಳಿಕ ಊಟಕ್ಕೆ ಹೊರಡುವ ಊರಿನಲ್ಲಿ, ನಾವು ಹೊತ್ತು ಮುಳುಗುವ ಮೊದಲೇ ಬುತ್ತಿ ಬರಿದುಮಾಡಿ ನಿಶ್ಚಿಂತೆಯಿಂದ ದೆಸೆಚೆಯೊ ದ್ವೀಪದತ್ತ ನೋಡುತ್ತ ಕುಳಿತಿರುತ್ತಿದ್ದೆವು.

ನಾಲ್ಕನೆಯ ದಿನ ಅಳಿಯ ಮನಸ್ಸಿನ ಮಾತನ್ನು ಹೊರಗೆಡಹಿದ. ಕಡಲ ತೀರದಲ್ಲಿ ಒಂದು ಮನೆ ಮಾರಾಟಕ್ಕಿದೆ. ಮನೆಯೊಡತಿ ವೃದ್ಧೆ, ಮಕ್ಕಳು ಫ್ಲಾರಿಡಾ ಸೇರಿದ್ದಾರೆ. ಬ್ಯಾಂಕಿನ ಸಾಲ ತೆಗೆದು ಅದನ್ನು ಕೊಂಡರೆ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದು. ಆರೆಂಟು ವರ್ಷಗಳಲ್ಲಿ ಸಾಲ ತೀರಿ ಮನೆ ಸ್ವಂತವಾಗುತ್ತದೆ. ‘ನೀವೊಮ್ಮೆ ನೋಡಿ ಹೇಳಿ ಮಾವ. ಅಮ್ಮನೂ ನಿಮ್ಮನ್ನು ಕೇಳಿಯೇ ಮುಂದುವರಿ ಎಂದಿದ್ದಾಳೆ’ ಎಂದ. ಅಳಿಯಸಂತಾನದ ಕಟ್ಟು ಕಾನೂನಿನಲ್ಲಿ ಹೋದರೂ ನಮ್ಮ ಮನೆಗಳಲ್ಲಿ ಸೋದರಮಾವನ ಮಾತನ್ನು ಕೇಳುವ ಪದ್ಧತಿ ಇನ್ನೂ ಹೋಗಿಲ್ಲ. ಹೀಗೆ ನೋಡಲು ಬಂದವನು ಹೇಳಬೇಕಾದವನೂ ಆದೆ.

ಹೇಳುವ ಮೊದಲು ತಿಳಿಯಬೇಕು. ಅಳಿಯನಿಂದಲೂ ಅವನ ಸಹೋದ್ಯೋಗಿಗಳಿಂದಲೂ ಕೇಳಿ ತಿಳಿದದ್ದು ಇಷ್ಟು. 2012ರಲ್ಲಿ ಪೋರ್ಟೊ ರಿಕೊ ಸರಕಾರ ಒಂದು ಕಾನೂನು ಮಾಡಿತು. ಹೊರಗಿನಿಂದ ಬಂದು ನೆಲೆಸುವ ಹಣವಂತರಿಗೆ ಬಂಡವಾಳದ ಲಾಭದ ಮೇಲಿನ ತೆರಿಗೆಯಲ್ಲಿ ಭಾರಿ ವಿನಾಯಿತಿ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಆ ವಿನಾಯಿತಿ ಇಲ್ಲ. 2019ರಲ್ಲಿ ಅದನ್ನು ಇನ್ನೊಂದು ದೊಡ್ಡ ಕಾನೂನಿನೊಳಗೆ ಸೇರಿಸಲಾಯಿತು. ಇದರ ನಡುವೆ 2017ರ ಸೆಪ್ಟೆಂಬರ್ 20ರಂದು ‘ಮರಿಯಾ’ ಚಂಡಮಾರುತ ದ್ವೀಪವನ್ನೇ ನೆಲಸಮಮಾಡಿತು. ದುರಸ್ತಿಗೆ ಶಕ್ತಿಯಿಲ್ಲದವರು ಮಾರಿದರು, ಶಕ್ತಿಯಿದ್ದವರು ಕೊಂಡರು. ರಿಂಕೋನಿನಂಥ ಕಡಲೂರುಗಳಲ್ಲಿ ಮನೆಗಳ ಬೆಲೆ, ಬಾಡಿಗೆ ಎರಡೂ ಅಲ್ಲಿನ ಸಂಬಳಗಾರರ ಕೈಮೀರಿ ಏರಿದವು. ಅಲೆಯನ್ನು ಕೊಳ್ಳಲಾಗದು ನಿಜ. ಅಲೆ ಕಾಣುವ ಕಿಟಕಿಯನ್ನು ಕೊಳ್ಳಬಹುದಷ್ಟೆ! ಯಾರದೂ ಅಲ್ಲದ ಅಲೆಯನ್ನು ಅರಸಿ ಬಂದವರಿಂದಲೇ ಅದರ ಪಕ್ಕದ ನೆಲ ಕೆಲವರದಾಗುತ್ತ ಹೋಯಿತು.

ಮನೆಯನ್ನು ನೋಡಲು ಹೋದೆವು. ಎರಡು ಅಂತಸ್ತಿನ ಗಟ್ಟಿ ಮನೆ, ಹಿತ್ತಿಲಲ್ಲಿ ಎರಡು ಬಾದಾಮಿ ಮರ, ಅದರಾಚೆ ಮರಳು. ಕೆಳಗಿನ ಭಾಗದಲ್ಲಿ ಹನ್ನೊಂದು ವರ್ಷಗಳಿಂದ ಒಂದು ಕುಟುಂಬ ಬಾಡಿಗೆಗಿತ್ತು. ಗಂಡ ಗಾರೆ ಕೆಲಸದವನು, ಹೆಂಡತಿ ಶಾಲೆಯೊಂದರ ಅಡಿಗೆಮನೆಯಲ್ಲಿ ಕೆಲಸ ಮಾಡುವವಳು, ಇಬ್ಬರು ಮಕ್ಕಳು. ನಾವು ಕೊಳ್ಳಲು ಬಂದವರೆಂದು ತಿಳಿದೂ ಆಕೆ ಕುರ್ಚಿ ಹಾಕಿ ಕಾಫಿ ಕೊಟ್ಟಳು. ಮನೆಯ ಬಗ್ಗೆ ಒಂದು ಮಾತನ್ನೂ ಕೆಡಿಸಿ ಆಡಲಿಲ್ಲ. ಮಳೆಗಾಲದಲ್ಲಿ ಯಾವ ಗೋಡೆ ತೇವವಾಗುತ್ತದೆಂಬುದನ್ನೂ ತೋರಿಸಿದಳು. ಹೊರಡುವಾಗ ಒಂದೇ ಪ್ರಶ್ನೆ ಕೇಳಿದಳು. ಅಳಿಯ ಅದನ್ನು ನನಗೆ ತಿಳಿಸಲು ತುಸು ಹಿಂಜರಿದ. ‘ನಾವು ಯಾವ ತಿಂಗಳಲ್ಲಿ ಬಿಡಬೇಕಾಗಬಹುದು? ಮಕ್ಕಳ ಶಾಲೆ ಮೇ ತಿಂಗಳವರೆಗೆ ಇದೆ’ ಎಂಬುದು ಆಕೆಯ ಪ್ರಶ್ನೆ.

ಅಂದು ರಾತ್ರಿ ಮಾತು ಬೆಳೆಯಿತು. ಅಳಿಯನ ವಾದ ಇಷ್ಟು: ಹಣ ನ್ಯಾಯದ್ದು, ವ್ಯವಹಾರ ಕಾನೂನಿನದು, ಮಾರುವ ವೃದ್ಧೆಗೂ ಹಣದ ಅಗತ್ಯವಿದೆ. ‘ನಾನು ಕೊಳ್ಳದಿದ್ದರೆ ಬೇರೆಯವನು ಕೊಳ್ಳುತ್ತಾನೆ ಮಾವ. ನಾನು ಬಿಟ್ಟುಕೊಟ್ಟರೆ ಅವರಿಗೇನು ಲಾಭ?’

‘ಅವರಿಗೆ ಲಾಭವಾಗುತ್ತದೆಂದು ನಾನೂ ಹೇಳಲಾರೆನಪ್ಪ’ ಎಂದೆ. ‘ನಿನಗೆ ಎಷ್ಟು ಬೇಕೆಂದು ನೀನು ಗೆರೆ ಎಳೆದುಕೊಂಡಿದ್ದೀಯಾ ಎಂದಷ್ಟೇ ಕೇಳುತ್ತೇನೆ. ಈ ಮನೆ ಗೆರೆಯ ಒಳಗಿದ್ದರೆ ತೆಗೆದುಕೊ, ಹೊರಗಿದ್ದರೆ ಬಿಡು. ಗೆರೆಯೇ ಇಲ್ಲದಿದ್ದರೆ ಮೊದಲು ಅದನ್ನು ಎಳೆ.’

ಗೃಹಸ್ಥನಿಗೆ ಹೇಳಿದ ಪರಿಗ್ರಹ ಪರಿಮಾಣದ ಪಟ್ಟಿಯಲ್ಲಿ ಮೊದಲು ಬರುವುದೇ ಕ್ಷೇತ್ರ ಮತ್ತು ವಾಸ್ತು, ಅಂದರೆ ನೆಲ ಮತ್ತು ಮನೆ. ಚಿನ್ನ ಬೆಳ್ಳಿಗಳು ಆಮೇಲೆ. ಹೀಗೇಕೆಂಬುದು ಆ ಹಿತ್ತಿಲಲ್ಲಿ ನಿಂತಾಗ ನನಗೆ ಹೊಳೆಯಿತು. ಚಿನ್ನವನ್ನು ಒಬ್ಬ ಹೆಚ್ಚು ಕೂಡಿಟ್ಟರೆ ನೆರೆಯವನ ಊಟ ನಿಲ್ಲಲಿಕ್ಕಿಲ್ಲ. ನೆಲವನ್ನು ಕೂಡಿಟ್ಟರೆ ನೆರೆಯವನಿಗೆ ಕಾಲೂರಲು ಎಡೆಯಿರುವುದಿಲ್ಲ.

ಮರುದಿನ ನಾವು ಹೋದ ಮರಳ ದಂಡೆ ಈ ಚರ್ಚೆಗೆ ಇನ್ನೊಂದು ಮುಖವನ್ನು ತೋರಿಸಿತು. 2021ರ ಬೇಸಿಗೆಯಲ್ಲಿ ಆ ಊರಿನಲ್ಲಿ ನಡೆದ ಸಂಗತಿ ದ್ವೀಪದಲ್ಲೆಲ್ಲ ಸುದ್ದಿಯಾಗಿತ್ತು. ತೀರದ ಒಂದು ವಸತಿ ಸಮುಚ್ಚಯದ ಈಜುಕೊಳ ಚಂಡಮಾರುತದಲ್ಲಿ ಹಾಳಾಗಿತ್ತು. ಅದನ್ನು ಮತ್ತೆ ಕಟ್ಟಲು ಮರಳಿನ ಮೇಲೆ ಕಾಮಗಾರಿ ಶುರುವಾಯಿತು. ಪೋರ್ಟೊ ರಿಕೊದಲ್ಲಿ ಕಡಲತೀರ ಸಾರ್ವಜನಿಕರದು. ಈ ವಿಚಾರದಲ್ಲಿ ಸ್ಪೇನಿನ ಆಳ್ವಿಕೆಯಲ್ಲಾದ 1886ರ ಬಂದರು ಕಾಯಿದೆಯ ವ್ಯಾಖ್ಯೆ ಅಲ್ಲಿ ಇಂದಿಗೂ ಆಧಾರ: ಭರತ ಇಳಿತಗಳು ಎದ್ದು ಕಾಣುವ ಕಡೆ ಅವು ತೊಯ್ಯಿಸುವಷ್ಟು, ಕಾಣದ ಕಡೆ ಬಿರುಗಾಳಿಯ ಅತಿ ದೊಡ್ಡ ಅಲೆಗಳು ತಲಪುವಷ್ಟು ನೆಲ ಯಾರ ಖಾಸಗಿ ಸೊತ್ತೂ ಅಲ್ಲ. ಗಡಿಕಲ್ಲನ್ನು ನೆಡುವ ಅಧಿಕಾರವನ್ನು ಕಡಲಿಗೇ ಕೊಟ್ಟ ಈ ಕಾನೂನಿನ ವಿವೇಕ ದೊಡ್ಡದು. ಆದರೆ ಚಂಡಮಾರುತದ ಬಳಿಕ ದಡ ಕೊರೆದು ಕಡಲು ಮುಂದೆ ಬಂದಿತ್ತು; ಗೆರೆ ಎಲ್ಲಿದೆ ಎಂಬುದೇ ವಿವಾದವಾಯಿತು.

ಜನ ಬಂದು ಮರಳಿನ ಮೇಲೆ ಬಿಡಾರ ಹೂಡಿದರು. ‘ಲಾಸ್ ಪ್ಲಾಯಾಸ್ ಸೋನ್ ದೆಲ್ ಪ್ವೆಬ್ಲೊ’, ಎಂದರೆ ಕಡಲತೀರಗಳು ಜನತೆಯವು ಎಂಬುದು ಅವರ ಘೋಷಣೆ. ಆ ನಡುವೆ ಮೊಟ್ಟೆಯಿಡಲು ಬಂದ ಒಂದು ಕಡಲಾಮೆ ಕಾಮಗಾರಿಯ ಜಾಗದಲ್ಲಿ ಸಿಲುಕಿಕೊಂಡಿತು. ಗಿಡುಗನ ಕೊಕ್ಕಿನಂಥ ಬಾಯಿಯ ಈ ಜಾತಿಯ ಆಮೆಯನ್ನು ಅಲ್ಲಿ ‘ಕರೆಯ್’ ಎನ್ನುತ್ತಾರೆ. ಅದರ ಚಿಪ್ಪಿನ ಚೆಲುವೇ ಅದಕ್ಕೆ ಮೃತ್ಯು. ಬಾಚಣಿಗೆ, ಬಳೆ, ಕನ್ನಡಕದ ಚೌಕಟ್ಟುಗಳಿಗಾಗಿ ಶತಮಾನಗಳ ಕಾಲ ಅದನ್ನು ಕೊಂದರು. ಇಂದು ಅದು ಅಳಿವಿನ ಅಂಚಿನಲ್ಲಿದೆ. ಹೆಣ್ಣಾಮೆ ತಾನು ಹುಟ್ಟಿದ ಪ್ರದೇಶದ ತೀರಕ್ಕೇ ವರ್ಷಗಳ ಬಳಿಕ ಹಿಂದಿರುಗಿ, ಮರಳು ತೋಡಿ, ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು ಮುಚ್ಚಿ ಹೋಗುತ್ತದೆ. ಎರಡು ತಿಂಗಳಲ್ಲಿ ಮರಿಗಳು ಹೊರಬಂದು ರಾತ್ರಿ ಕಡಲಿನ ಬೆಳಕನ್ನು ಗುರುತಿಸಿ ನೀರಿಗೆ ನಡೆಯುತ್ತವೆ. ಮನೆಗಳ ವಿದ್ಯುದ್ದೀಪಗಳಿದ್ದರೆ ದಾರಿ ತಪ್ಪುತ್ತವೆ. ಸಿಲುಕಿದ ಆಮೆಯ ಸುದ್ದಿಯಿಂದ ಜನರ ಕೋಪ ಇಮ್ಮಡಿಯಾಯಿತು. ವಿವಾದ ನ್ಯಾಯಾಲಯಕ್ಕೆ ಹೋಗಿ ಕಾಮಗಾರಿ ನಿಂತಿತು.

ನೆಲದ ಹಕ್ಕನ್ನು ಕುರಿತು ವಾದಿಸುವಾಗ ನಾವು ಕಾಗದಪತ್ರವುಳ್ಳವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಬಾಡಿಗೆಯ ಕುಟುಂಬದ ಬಳಿ ಕಾಗದವಿಲ್ಲ. ಆಮೆಯ ಬಳಿಯಂತೂ ಮಾತೂ ಇಲ್ಲ. ಇಬ್ಬರೂ ಕೇಳುವುದು ಒಂದೇ: ಮಕ್ಕಳು ಬೆಳೆಯುವಷ್ಟು ಕಾಲ ಒಂದಿಷ್ಟು ಜಾಗ.

ಇದೇ ಊರಿನವರು ಇನ್ನೊಂದು ಕೆಲಸವನ್ನು ಮಾಡಿದ್ದಾರೆ. ಅದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ದೀಪಸ್ತಂಭದ ದಕ್ಷಿಣಕ್ಕೆ ‘ತ್ರೆಸ್ ಪಾಲ್ಮಾಸ್’, ಮೂರು ತಾಳೆಗಳು ಎಂಬ ಜಾಗವಿದೆ. ಚಳಿಗಾಲದ ಅತಿ ದೊಡ್ಡ ಅಲೆಗಳು ಏಳುವುದು ಅಲ್ಲಿ. ಅಲೆಯಿಲ್ಲದ ದಿನ ನೀರು ಕನ್ನಡಿಯಂತೆ ತಿಳಿ. ದಡದ ಸಮೀಪದಲ್ಲೇ ಕಡವೆಯ ಕೊಂಬುಗಳಂತೆ ಕವಲೊಡೆದ ಹವಳದ ತೋಪು ಕಾಣುತ್ತದೆ. ಈ ಹವಳ ವರ್ಷಕ್ಕೆ ಐದರಿಂದ ಹತ್ತು ಸೆಂಟಿಮೀಟರ್ ಬೆಳೆಯುತ್ತದೆ, ಅಲೆಗಳ ಹೊಡೆತವನ್ನು ತಾನುಂಡು ದಡವನ್ನು ಕಾಯುತ್ತದೆ. 1980ರ ದಶಕದಿಂದೀಚೆಗೆ ರೋಗ ತಗಲಿ ಕೆರಿಬಿಯನ್ ಸಮುದ್ರದಲ್ಲಿ ಇದರ ಬಹುಪಾಲು ನಾಶವಾಗಿದೆ. ಉಳಿದದ್ದನ್ನು ಉಳಿಸಿಕೊಳ್ಳಲು ಸ್ಥಳೀಯ ಮೀನುಗಾರರು, ಸರ್ಫಿಂಗ್ ಆಟಗಾರರು, ನಿವಾಸಿಗಳು ಒಟ್ಟಾಗಿ ಒತ್ತಾಯಿಸಿದ್ದರಿಂದ 2004ರಲ್ಲಿ ಅದು ಸಂರಕ್ಷಿತ ಕಡಲಾಯಿತು. ಮೀನು ಹಿಡಿದೇ ಬದುಕುವವರು ‘ಇಲ್ಲಿ ನಾವು ಹಿಡಿಯುವುದಿಲ್ಲ’ ಎಂದು ಒಪ್ಪುವುದು ಸಣ್ಣ ಮಾತಲ್ಲ. ಅವರ ವೃತ್ತಿಯನ್ನು ನಾವು ಅನುಮೋದಿಸುವವರಲ್ಲ. ಆದರೆ ತಮ್ಮ ಕೈಗೆ ತಾವೇ ಗೆರೆ ಎಳೆದುಕೊಂಡ ಅವರ ನಡೆಯಿಂದ ಕಲಿಯುವುದಿದೆ. ನಾನು ಬಂದ ಕೆಲವು ತಿಂಗಳುಗಳಿಗೆ, 2023ರ ಬೇಸಿಗೆಯಲ್ಲಿ, ಕಡಲ ನೀರೇ ಕಾದು ಕೆರಿಬಿಯನ್ನಿನ ಹವಳಗಳು ಬಿಳಿಚಿಕೊಂಡವು. ಒಂದು ಊರಿನ ಸಂಯಮ ಲೋಕದ ಅತಿಭೋಗವನ್ನು ತಡೆಯಲಾರದು ಎಂಬುದನ್ನೂ ಒಪ್ಪಬೇಕು.

ದೀಪಸ್ತಂಭದ ಇನ್ನೊಂದು ಮಗ್ಗುಲಲ್ಲಿ ಹಸುರು ಬಳಿದ ಬೃಹತ್ ಗುಮ್ಮಟವೊಂದು ಕಾಣುತ್ತದೆ. ದೂರದಿಂದ ಯಾವುದೋ ಪ್ರಾರ್ಥನಾಮಂದಿರವೆಂದು ಭ್ರಮೆಯಾಗುವಂತಿದೆ. ಅದು ಅಣುಸ್ಥಾವರ. ಹದಿನಾರು ಮೆಗಾವಾಟಿಗೆ ತುಸು ಹೆಚ್ಚು ವಿದ್ಯುತ್ತು ತೆಗೆಯುವ ಪ್ರಯೋಗವಾಗಿ 1964ರಲ್ಲಿ ಕೆಲಸ ತೊಡಗಿ, ತಾಂತ್ರಿಕ ತೊಡಕುಗಳಿಂದ 1968ರಲ್ಲಿ ಮುಚ್ಚಿತು. ಇಂಧನವನ್ನು ಸಾಗಿಸಿ, ವಿಕಿರಣ ತಗಲಿದ ಉಳಿದ ಭಾಗವನ್ನು ಕಾಂಕ್ರೀಟಿನಲ್ಲಿ ಹೂಳಿಟ್ಟರು. ಅಂದಿನಿಂದ ಅಮೆರಿಕ ಸರಕಾರದವರು ಅದನ್ನು ತಪಾಸಣೆ ಮಾಡುತ್ತಲೇ ಇದ್ದಾರೆ. ಉಪಯೋಗ ನಾಲ್ಕು ವರ್ಷ, ಕಾವಲು ತಲೆತಲಾಂತರ. ಅದರ ಮುಂದಿನ ದಂಡೆಗೆ ‘ಗುಮ್ಮಟಗಳು’ ಎಂದೇ ಹೆಸರು. 1968ರ ಸ್ಪರ್ಧೆಯ ಆಟಗಾರರು ಸವಾರಿ ಮಾಡಿದ್ದು ಆ ಸುತ್ತಿನ ಅಲೆಗಳಲ್ಲಿ. ನಮ್ಮ ಬಳಕೆಯ ಕಾಲ ಮುಗಿದ ಮೇಲೂ ನಮ್ಮ ಸೊತ್ತು ನಮ್ಮ ಮಕ್ಕಳ ಮೇಲೆ ಹೊರೆಯಾಗಿ ಉಳಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೊರಡುವ ಮುನ್ನಾದಿನ ಅದೇ ದಿಬ್ಬದಿಂದ ತಿಮಿಂಗಿಲಗಳನ್ನು ಕಂಡೆವು. ತಾಯಿ ಮತ್ತು ಮರಿ. ಗೂನು ಬೆನ್ನಿನ ಈ ತಿಮಿಂಗಿಲಗಳು ಬೇಸಿಗೆಯನ್ನು ಉತ್ತರದ ತಣ್ಣೀರಿನಲ್ಲಿ ಕಳೆದು, ಚಳಿಗಾಲದಲ್ಲಿ ಮರಿಹಾಕಲು ಈ ಬೆಚ್ಚನೆಯ ನೀರಿಗೆ ಸಾವಿರಾರು ಕಿಲೋಮೀಟರ್ ಈಜಿ ಬರುತ್ತವೆ. ಇಲ್ಲಿ ಅವು ಬಹುಮಟ್ಟಿಗೆ ಆಹಾರವನ್ನೇ ಮುಟ್ಟುವುದಿಲ್ಲ. ಸುಮಾರು ಒಂದು ಟನ್ ತೂಗುವ ಮರಿಗೆ ಹಾಲೂಡುತ್ತ, ತಾನು ಮಾತ್ರ ತಿಂಗಳುಗಟ್ಟಲೆ ನಿರಾಹಾರವಾಗಿದ್ದು, ಮೈಯಲ್ಲಿ ಸಂಚಯವಾದದ್ದನ್ನು ಕರಗಿಸಿ ಮರಿಯನ್ನು ಬೆಳೆಸುತ್ತದೆ ಆ ತಾಯಿ. ಒಂದು ಕಾಲಕ್ಕೆ ಎಣ್ಣೆಗಾಗಿ ಇವುಗಳನ್ನು ಬೇಟೆಯಾಡಿ ಬರಿದುಮಾಡಿದ್ದರು. ವಾಣಿಜ್ಯದ ತಿಮಿಂಗಿಲಬೇಟೆಯನ್ನು ನಿಲ್ಲಿಸಲು 1982ರಲ್ಲಿ ಹಲವು ರಾಷ್ಟ್ರಗಳು ಕೂಡಿ ನಿರ್ಣಯಿಸಿ, 1986ರಿಂದ ಅದು ಜಾರಿಗೆ ಬಂದಿತು. ಇಂದು ನಾವು ದಡದಲ್ಲಿ ನಿಂತು ತಾಯಿಮರಿಗಳನ್ನು ಕಾಣುವಂತಾಗಿರುವುದು ಇಂಥ ಒಪ್ಪಂದಗಳಿಂದ.

ಅಳಿಯ ಆ ಮನೆಯನ್ನು ಕೊಳ್ಳಲಿಲ್ಲ. ನನ್ನ ಮಾತೇ ಕಾರಣವೆಂದು ನಾನು ಹೇಳಿಕೊಳ್ಳಲಾರೆ. ಕಡಲಕೊರೆತದ ಭಯದಿಂದ ವಿಮೆಯ ಕಂತು ಬಹಳವಿತ್ತು; ಅವನ ಹೆಂಡತಿಗೂ ಆ ತಾಯಿಯ ಪ್ರಶ್ನೆ ಕೇಳಿದಂದಿನಿಂದ ಮನಸ್ಸಿರಲಿಲ್ಲ. ಆರು ತಿಂಗಳ ಬಳಿಕ ಅವನು ದೂರವಾಣಿಯಲ್ಲಿ ತಿಳಿಸಿದ: ಮನೆಯನ್ನು ಬೇರೊಬ್ಬರು ಕೊಂಡರು, ಆ ಕುಟುಂಬ ಊರು ಬಿಟ್ಟು ಮಾಯಾಗ್ವೆಸ್ ಸೇರಿತು. ‘ನಾನು ಅಂದೇ ಹೇಳಿರಲಿಲ್ಲವೇ ಮಾವ?’ ಎಂದ. ಅವನ ದನಿಯಲ್ಲಿ ಗೆದ್ದ ಹಿಗ್ಗಿರಲಿಲ್ಲ.

ಅವನು ಅಂದದ್ದು ನಿಜವಾಯಿತು. ಹಾಗಾದರೆ ಒಬ್ಬನ ಸಂಯಮ ವ್ಯರ್ಥವೇ? ಈ ಪ್ರಶ್ನೆಯನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅವನ ಮಟ್ಟಿಗೆ ವ್ಯರ್ಥವಲ್ಲ. ಒಂದು ಕುಟುಂಬವನ್ನು ಎಬ್ಬಿಸಿದ ಲಾಭದಲ್ಲಿ ಅವನ ಪಾಲಿಲ್ಲ. ಆದರೆ ಆ ಕುಟುಂಬದ ಮಟ್ಟಿಗೆ ಅದರಿಂದ ಏನೂ ಆಗಲಿಲ್ಲವೆಂಬುದೂ ಸತ್ಯ. ಅಲೆಯ ಬಳಿ ಕಾಯುತ್ತಿದ್ದವರಲ್ಲಿ ಒಬ್ಬನೇ ನಿಯಮ ಪಾಲಿಸಿ ಉಳಿದವರೆಲ್ಲ ನುಗ್ಗಿದ್ದರೆ ಅವನಿಗೆ ಅಲೆಯೂ ಸಿಗುತ್ತಿರಲಿಲ್ಲ, ಇತರರಿಗೆ ಶಾಂತಿಯೂ ಇರುತ್ತಿರಲಿಲ್ಲ. ಹವಳದ ತೋಪು ಉಳಿದದ್ದು, ಮರಳಿನ ಮೇಲಿನ ಕಾಮಗಾರಿ ನಿಂತದ್ದು, ತಿಮಿಂಗಿಲ ಮರಳಿದ್ದು ಒಬ್ಬೊಬ್ಬರ ವ್ರತದಿಂದಲ್ಲ. ಹಲವರು ಕೂಡಿ ಒಂದೇ ಗೆರೆಯನ್ನು ಒಪ್ಪಿದ್ದರಿಂದ. ವ್ರತವನ್ನು ಒಬ್ಬೊಬ್ಬರೇ ಹಿಡಿಯಬೇಕು, ನಿಜ. ಅದರ ಫಲ ನೆರೆಯವನಿಗೂ ಮೂಕಪ್ರಾಣಿಗೂ ತಲಪಬೇಕಾದರೆ ಸಂಘ ಬೇಕು.

ಈ ಮಾತು ನಮ್ಮ ಕರಾವಳಿಗೂ ಸಲ್ಲುತ್ತದೆ. ಸರ್ಫಿಂಗ್ ಈಗ ನಮಗೆ ಹೊಸತಲ್ಲ. ಮೂಲ್ಕಿಯಲ್ಲಿ ಅದನ್ನು ಕಲಿಸುವವರಿದ್ದಾರೆ. 2016ರ ಮೇ ತಿಂಗಳಲ್ಲಿ ಸಸಿಹಿತ್ಲುವಿನಲ್ಲಿ ರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಆ ದಂಡೆಯಲ್ಲಿ ಕಡಲಕೊರೆತವೂ ಇದೆ. ನಮ್ಮ ದೇಶದಲ್ಲಿ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗವನ್ನು ಭರತರೇಖೆಯಿಂದ 200 ಮೀಟರ್ ಇದ್ದುದನ್ನು 50 ಮೀಟರಿಗೆ ಇಳಿಸಲು 2019ರ ಅಧಿಸೂಚನೆ ಅವಕಾಶ ಕೊಟ್ಟಿತು. ಕಾನೂನು ಅನುಮತಿಸುವ ಗೆರೆ ಹೀಗೆ ಹಿಂದೆ ಮುಂದೆ ಸರಿಯುತ್ತಿರುತ್ತದೆ. ನಮ್ಮ ಮನಸ್ಸಿನ ಗೆರೆಯೂ ಅದರೊಡನೆಯೇ ಸರಿಯಬೇಕೇ?

ನಮ್ಮಲ್ಲಿ ಎಷ್ಟೋ ಮನೆತನಗಳಿಗೂ ಬಸದಿಗಳಿಗೂ ಗದ್ದೆ, ತೋಟ, ಕೆರೆ, ಕಾಡುಗಳು ಉಳಿದು ಬಂದಿವೆ. ಅವುಗಳಲ್ಲಿ ತಲೆಮಾರುಗಳಿಂದ ಬಾಡಿಗೆಗೋ ಗೇಣಿಗೋ ಇರುವ ಕುಟುಂಬಗಳಿವೆ, ಕೆರೆಯನ್ನು ನಂಬಿದ ಹಕ್ಕಿಗಳೂ ಮೀನುಗಳೂ ಇವೆ. ಧರ್ಮದರ್ಶಿಯಾದವನು ಸೊತ್ತಿನ ಒಡೆಯನಲ್ಲ, ಕಾವಲಿನವನು ಎಂಬುದನ್ನು ನಮ್ಮ ಆಡಳಿತ ಮಂಡಳಿಗಳು ಅರಿತಿವೆ. ಆ ಅರಿವನ್ನು ಬಸದಿಯ ಸೊತ್ತಿನಿಂದಾಚೆಗೆ, ನಮ್ಮ ಸ್ವಂತ ಸೊತ್ತಿಗೂ ವಿಸ್ತರಿಸಬಹುದಲ್ಲವೇ? ಒಂದು ಊರಿನ ಹತ್ತು ಮನೆಗಳು ಕೂಡಿ ‘ಕಡಲಿನಿಂದ ಇಷ್ಟು ದೂರದವರೆಗೆ ನಾವು ಕಟ್ಟುವುದೂ ಇಲ್ಲ, ಕಟ್ಟಲು ಮಾರುವುದೂ ಇಲ್ಲ, ಇರುವವರನ್ನು ಇನ್ನೊಂದು ನೆಲೆ ತೋರಿಸದೆ ಎಬ್ಬಿಸುವುದಿಲ್ಲ’ ಎಂದು ನಿರ್ಧರಿಸಿದರೆ, ‘ನಾನು ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಾನೆ’ ಎಂಬ ಮಾತಿನ ಬಲ ಅಲ್ಲಿಗೆ ಮುರಿಯುತ್ತದೆ. ಮುಂದಿನ ಮಹಾಸಭೆಗಳಲ್ಲಿ ಲೆಕ್ಕಪತ್ರ ಮಂಡನೆಯಾದ ಬಳಿಕ ಈ ಒಂದು ವಿಷಯವನ್ನೂ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಬಂಧುಗಳಲ್ಲಿ ನನ್ನ ವಿನಮ್ರ ವಿನಂತಿ.